ಹದಿನೆಂಟಕ್ಕೇ ಆಟ ಯಾಕೆ ನಿಲ್ಲಬೇಕು?

ಲುಡ್ವಿಗ್ ಓಬರ್ಗ್ ಅಂತ ಸ್ವೀಡನ್ನಿನ ಒಬ್ಬ ಗಾಲ್ಫ್ ಆಟಗಾರ ಇದ್ದಾನೆ. 1999ರಲ್ಲಿ ಹುಟ್ಟಿದವನು. 2023ರ ಬೇಸಿಗೆಯವರೆಗೂ ಅಮೆರಿಕದಲ್ಲಿ ಕಾಲೇಜು ಹುಡುಗ. ಆ ಜೂನ್‌ನಲ್ಲಿ ವೃತ್ತಿಪರ ಆಟಗಾರನಾದ. ಸೆಪ್ಟೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಯುರೋಪಿಯನ್ ಮಾಸ್ಟರ್ಸ್ ಗೆದ್ದ. ಕೆಲವೇ ವಾರಗಳಲ್ಲಿ ರೋಮ್‌ನಲ್ಲಿ ರೈಡರ್ ಕಪ್, ಅಂದರೆ ಯುರೋಪ್ ಮತ್ತು ಅಮೆರಿಕ ತಂಡಗಳ ಹಣಾಹಣಿ. ಗಾಲ್ಫ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳಿಗೆ ಮೇಜರ್ ಅಂತಾರೆ; ಅಲ್ಲಿಯವರೆಗೆ ಅಂಥ ಒಂದೂ ಟೂರ್ನಿ ಆಡದ ಹುಡುಗನನ್ನು ಯುರೋಪ್ ತಂಡಕ್ಕೆ ತಗೊಂಡರು. ವಿಕ್ಟರ್ ಹೋವ್ಲಾನ್ ಜೊತೆ ಆಡಿ, ಅಮೆರಿಕದ ಘಟಾನುಘಟಿಗಳಾದ ಸ್ಕಾಟಿ ಶೆಫ್ಲರ್ ಮತ್ತು ಬ್ರೂಕ್ಸ್ ಕೆಪ್ಕಾ ಜೋಡಿಯನ್ನು ಸೋಲಿಸಿದ. 2024ರ ಏಪ್ರಿಲ್‌ನಲ್ಲಿ ತನ್ನ ಮೊದಲ ಮೇಜರ್ ಆಡಿದ, ಅದೂ ಮಾಸ್ಟರ್ಸ್. ಅದರಲ್ಲಿ ಎರಡನೇ ಸ್ಥಾನ!

ನೋಡಿದವರು ರಾತ್ರೋರಾತ್ರಿ ಸ್ಟಾರ್ ಆದ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಧಾರವಾಡದ ಕಾಲೇಜೊಂದರಲ್ಲಿ ಫಿಜಿಕಲ್ ಡೈರೆಕ್ಟರ್ ಆಗಿರುವ ನನ್ನ ಕಣ್ಣಿಗೆ ಬಿದ್ದದ್ದು ಅದಕ್ಕೂ ಹಿಂದಿನ ನಾಲ್ಕು ವರ್ಷ. ಅವನು ಓದಿದ್ದು ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ, ಲಬ್ಬಕ್ ಎಂಬ ಊರಲ್ಲಿ. ಸುತ್ತ ಬಯಲು, ಹತ್ತಿ ಹೊಲ, ಬಿಡದೆ ಬೀಸೋ ಗಾಳಿ. ಥೇಟ್ ನಮ್ಮ ಗದಗ ಸೀಮೆ. ಅಂಥ ಊರಿನ ಕಾಲೇಜು ಒಬ್ಬ ಆಟಗಾರನನ್ನು ನಾಲ್ಕು ವರ್ಷ ಸಾಕಿ, ತಿದ್ದಿ, ಜಗತ್ತಿಗೆ ಕಳಿಸಿತು.

ಅಲ್ಲಿನ ಕಾಲೇಜು ಗಾಲ್ಫ್ ಹೇಗೆ ನಡೆಯುತ್ತೆ ಅನ್ನೋದನ್ನು ಸ್ವಲ್ಪ ಹೇಳಲೇಬೇಕು. ಒಂದು ತಂಡದಿಂದ ಐದು ಜನ ಆಡುತ್ತಾರೆ. ಪ್ರತಿ ಸುತ್ತಿನಲ್ಲೂ ಒಳ್ಳೆಯ ನಾಲ್ಕು ಸ್ಕೋರ್ ಮಾತ್ರ ತಂಡದ ಲೆಕ್ಕಕ್ಕೆ ಬರುತ್ತೆ. ಒಬ್ಬ ಹುಡುಗನ ಆಟ ಅವತ್ತು ಕೆಟ್ಟರೆ ಉಳಿದ ನಾಲ್ವರು ತಂಡವನ್ನು ಉಳಿಸುತ್ತಾರೆ. ನಾಳೆ ಅವನು ಮತ್ತೆ ಆಡಬಹುದು. ಎಷ್ಟೋ ಟೂರ್ನಿಗಳಲ್ಲಿ ಒಂದೇ ದಿನ ಎರಡು ಸುತ್ತು, ಅಂದರೆ 36 ಹೋಲ್ (ಚೆಂಡು ಹಾಕಬೇಕಾದ ಕುಳಿ). ಜೊತೆಗೆ ಕೋಚ್ ಇರುತ್ತಾರೆ, ಓಡಾಟದ ಖರ್ಚನ್ನು ಕಾಲೇಜೇ ನೋಡಿಕೊಳ್ಳುತ್ತೆ. ಓದು ಬಿಡೋ ಹಾಗೂ ಇಲ್ಲ. ನಿಗದಿಯಷ್ಟು ಅಂಕ ಬರದಿದ್ದರೆ ತಂಡದಲ್ಲಿ ಆಡೋ ಹಾಗಿಲ್ಲ.

ವೃತ್ತಿಪರ ಗಾಲ್ಫ್ ಇದಕ್ಕೆ ಪೂರ್ತಿ ಉಲ್ಟಾ. ಸಾಮಾನ್ಯವಾಗಿ ಎರಡು ದಿನ ಮುಗಿದ ಮೇಲೆ ಅರ್ಧದಷ್ಟು ಆಟಗಾರರನ್ನು ಕೈಬಿಡುತ್ತಾರೆ. ಅದಕ್ಕೆ ಕಟ್ ಅಂತಾರೆ. ಕಟ್ ದಾಟದವರಿಗೆ ಸಾಮಾನ್ಯವಾಗಿ ಬಹುಮಾನದ ಒಂದು ಪೈಸೆಯೂ ಇಲ್ಲ. ವಿಮಾನ, ಹೋಟೆಲ್, ಕ್ಯಾಡಿ (ಆಟಗಾರನ ಬ್ಯಾಗ್ ಹೊರುವ ಸಹಾಯಕ) ಖರ್ಚು ಮಾತ್ರ ಮೈಮೇಲೆ. ಹಾಗಾಗಿ ಅಲ್ಲಿಗೆ ಹೋಗೋ ಮುಂಚೆ ಧಾರಾಳವಾಗಿ ಸೋಲೋಕೆ ಒಂದು ಜಾಗ ಬೇಕು. ಸೋತರೂ ಸಂಜೆ ಊಟ, ಮರುದಿನ ಕೋಚ್, ಮುಂದಿನ ವಾರ ಇನ್ನೊಂದು ಟೂರ್ನಿ ಸಿಗಬೇಕು. ಕಾಲೇಜು ಕೊಡೋದು ಅದನ್ನೇ.

ಮೇಲಿನ ಮೆಟ್ಟಿಲಿಗೂ ಅಲ್ಲಿ ದಾರಿ ಮಾಡಿದ್ದಾರೆ. ಪಿಜಿಎ ಟೂರ್ ಅಂದರೆ ಅಮೆರಿಕದ ದೊಡ್ಡ ವೃತ್ತಿಪರ ಗಾಲ್ಫ್ ಸರಣಿ. ಅದರಲ್ಲಿ ಪಿಜಿಎ ಟೂರ್ ಯೂನಿವರ್ಸಿಟಿ ಅಂತ ಒಂದು ವ್ಯವಸ್ಥೆ ಇದೆ. ಅದರ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಕಾಲೇಜು ಆಟಗಾರನಿಗೆ 2023ರಿಂದ ನೇರವಾಗಿ ಟೂರ್ ಕಾರ್ಡ್, ಅಂದರೆ ಆ ಸರಣಿಯಲ್ಲಿ ಆಡೋ ಅರ್ಹತೆ. ಅದನ್ನು ಮೊದಲು ಪಡೆದವನೇ ಓಬರ್ಗ್. ಮರುವರ್ಷ ಜನವರಿಯಲ್ಲಿ ಇನ್ನೊಂದು ಬೆರಗು: ಅಲಬಾಮಾ ವಿಶ್ವವಿದ್ಯಾಲಯದ ನಿಕ್ ಡನ್ಲಪ್ ಇನ್ನೂ ಅಮೆಚೂರ್ (ಹವ್ಯಾಸಿ ಆಟಗಾರ) ಆಗಿರುವಾಗಲೇ ಪಿಜಿಎ ಟೂರ್ ಟೂರ್ನಿ ಗೆದ್ದ. 1991ರಲ್ಲಿ ಫಿಲ್ ಮಿಕಲ್ಸನ್ ಗೆದ್ದ ಮೇಲೆ ಯಾವ ಅಮೆಚೂರ್‌ಗೂ ಅದು ಆಗಿರಲಿಲ್ಲ. ನಿಯಮದ ಪ್ರಕಾರ ಅಮೆಚೂರ್ ಆ ಬಹುಮಾನ ಮುಟ್ಟೋ ಹಾಗಿಲ್ಲ. ಹನ್ನೆರಡು ಕೋಟಿ ರೂಪಾಯಿಗೂ ಜಾಸ್ತಿ ಮೊತ್ತ ಎರಡನೇ ಸ್ಥಾನದವನ ಪಾಲಾಯಿತು. ಕೆಲವೇ ದಿನಗಳಲ್ಲಿ ಡನ್ಲಪ್ ವೃತ್ತಿಪರನಾದ.

ಈಗ ನಮ್ಮ ಅದಿತಿ ಅಶೋಕ್ ಅವರನ್ನು ನೋಡಿ. ಬೆಂಗಳೂರಿನ ಹುಡುಗಿ. 2016ರ ಜನವರಿಯಲ್ಲಿ ವೃತ್ತಿಪರ ಆಟಗಾರ್ತಿಯಾದಾಗ ಇನ್ನೂ 17. ರಿಯೋ ಒಲಿಂಪಿಕ್ಸ್‌ನಲ್ಲಿ ಕ್ಯಾಡಿಯಾಗಿ ಬ್ಯಾಗ್ ಹೊತ್ತದ್ದು ಅಪ್ಪ, ಟೋಕಿಯೋದಲ್ಲಿ ಅಮ್ಮ. 2021ರ ಆಗಸ್ಟ್ 7ರಂದು ಒಂದೇ ಒಂದು ಹೊಡೆತದ ಅಂತರದಿಂದ ಕಂಚು ತಪ್ಪಿ ನಾಲ್ಕನೇ ಸ್ಥಾನ. ಅದು ದೊಡ್ಡ ಸಾಧನೆ, ಎರಡು ಮಾತಿಲ್ಲ. ಆದರೆ ಅಲ್ಲಿ ಒಂದು ಕಾಲೇಜು ಮಾಡುವ ಕೆಲಸವನ್ನು ಇಲ್ಲಿ ಒಂದು ಮನೆ ಹೊರಬೇಕಾಯಿತು. ಎಷ್ಟು ಮನೆಗಳಿಗೆ ಅದು ಆಗುತ್ತೆ ಹೇಳಿ? ಬಿಡದಿ ಕಡೆಯ ಹಳ್ಳಿಯಿಂದ ಬಂದು, ಕ್ಯಾಡಿಯಾಗಿ ಶುರು ಮಾಡಿ ವೃತ್ತಿಪರನಾದ ಚಿಕ್ಕರಂಗಪ್ಪನಂಥವರೂ ಇದ್ದಾರೆ. ಅದಕ್ಕೇ ಗಾಲ್ಫ್ ಬರೀ ಶ್ರೀಮಂತರ ಆಟ, ನಮಗ್ಯಾಕೆ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ.

ಹುಬ್ಬಳ್ಳಿ-ಧಾರವಾಡದಲ್ಲಿ ಬಹಳಷ್ಟು ಮಕ್ಕಳ ಆಟ ನಿಲ್ಲೋದು ಪಿಯುಸಿಯಲ್ಲಿ. ಹೈಸ್ಕೂಲಿನಲ್ಲಿ ರಾಜ್ಯ ಮಟ್ಟಕ್ಕೆ ಹೋದವರು ನೀಟ್, ಸಿಇಟಿ ಕೋಚಿಂಗ್ ಅಂತ ಮೈದಾನ ಬಿಡುತ್ತಾರೆ. "ಆಟ ಸಾಕ್ರೀ ಸರ, ಇನ್ನ ಓದ್ಲಿ" ಅಂತ ತಾಯಂದಿರು ಹೇಳ್ತಾರೆ. ಅವರನ್ನು ದೂರೋಕೆ ನನಗೆ ಬಾಯಿ ಬರಲ್ಲ. ಆಡಿದರೆ ಮುಂದೇನು ಅಂತ ಕೇಳಿದರೆ ನಮ್ಮ ಹತ್ತಿರ ಉತ್ತರ ಇಲ್ಲವಲ್ಲ.

ನನ್ನ ಪರಿಚಯದ ಒಬ್ಬ ಹುಡುಗಿ 800 ಮೀಟರ್ ಓಡುತ್ತಿದ್ದಳು. ಒಳ್ಳೆಯ ಓಟ, ಅದಕ್ಕಿಂತ ಒಳ್ಳೆಯ ಹಟ. ವಿಶ್ವವಿದ್ಯಾಲಯದ ತಂಡದಲ್ಲಿ ಓಡಿ ಬಂದ ಮೇಲೆ ಅವಳ ಕಾಲೇಜು ಆ ದಿನಗಳ ಹಾಜರಾತಿ ಕೊಡಲಿಲ್ಲ, ತಪ್ಪಿದ ಇಂಟರ್ನಲ್ ಪರೀಕ್ಷೆಯನ್ನೂ ಮತ್ತೆ ಬರೆಸಲಿಲ್ಲ. ಗೆದ್ದ ಪದಕದ ಫೋಟೋ ಮಾತ್ರ ಕಾಲೇಜಿನ ಪ್ರಾಸ್ಪೆಕ್ಟಸ್‌ನಲ್ಲಿ ಬಂತು. ಮುಂದಿನ ವರ್ಷ ಅವಳು ಓಡಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತೆ.

ಗದಗಿನ ಸುನಿಲ್ ಜೋಶಿ ಬೆಳಿಗ್ಗೆ ಹುಬ್ಬಳ್ಳಿಗೆ ಬಂದು ಕ್ರಿಕೆಟ್ ಪ್ರ್ಯಾಕ್ಟೀಸ್ ಮುಗಿಸಿ, ವಾಪಸ್ ಹೋಗಿ ಶಾಲೆ ಸೇರುತ್ತಿದ್ದರಂತೆ. ಮುಂದೆ ಭಾರತಕ್ಕೆ 15 ಟೆಸ್ಟ್ ಆಡಿದರು. ಈ ಕಥೆಯನ್ನು ಪ್ರತಿ ಕ್ರೀಡಾಕೂಟದ ಭಾಷಣದಲ್ಲೂ ಹೇಳ್ತೀವಿ, ನಾನೂ ಹೇಳಿದ್ದೀನಿ. ಆದರೆ ಅಷ್ಟು ಕಷ್ಟಪಟ್ಟವರು ಮಾತ್ರ ಉಳಿಯೋ ಹಾಗಿದ್ದರೆ, ಉಳಿಯದೆ ಹೋದವರು ಎಷ್ಟು ಜನ?

ನಾನು ಕೇಳೋದು ಗಾಲ್ಫ್ ಮೈದಾನ ಅಲ್ಲ, ಕೋಟಿ ಕೋಟಿ ದುಡ್ಡೂ ಅಲ್ಲ. ಟೂರ್ನಿಗೆ ಹೋದ ದಿನಗಳಿಗೆ ಪೂರ್ತಿ ಹಾಜರಾತಿ. ತಪ್ಪಿದ ಪರೀಕ್ಷೆಗೆ ಇನ್ನೊಂದು ದಿನ. ಹಾಸ್ಟೆಲ್‌ನಲ್ಲಿ ಆಡೋ ಮಕ್ಕಳಿಗೆ ಹೊಟ್ಟೆ ತುಂಬ ಒಳ್ಳೆ ಊಟ. ಒಂದು ಸಲ ಸೋತ ಕೂಡಲೇ ತಂಡದಿಂದ ತೆಗೆಯಬಾರದು. ಈ ಸಲ ಅಡ್ಮಿಷನ್‌ಗೆ ಹೋದಾಗ ಇದೆಲ್ಲ ಇದೆಯಾ ಅಂತ ಪ್ರಿನ್ಸಿಪಾಲರನ್ನು ಕೇಳಿ. ಇದೆ ಅಂದರೆ ಬರವಣಿಗೆಯಲ್ಲಿ ಕೊಡೋಕೆ ಹೇಳಿ. ಪ್ರಾಸ್ಪೆಕ್ಟಸ್‌ನಲ್ಲಿ ಯಾರದ್ದಾದರೂ ಪದಕದ ಫೋಟೋ ಇದ್ದರೆ, ಆ ಮಗು ಈಗಲೂ ಆಡ್ತಿದೆಯಾ ಅಂತಾನೂ ಕೇಳಿ.