ಇಪ್ಪತ್ತು ನಿಮಿಷಕ್ಕೆ ಇನ್ನೂ ಬಿಸಿಯಾದ ಕಾಫಿ

ಮಡಿಕೇರಿಯ ಮಳೆಗಾಲದಲ್ಲಿ ಮೇಜಿನ ಮೇಲಿಟ್ಟ ಕಾಫಿ ತಾನಾಗಿಯೇ ಬಿಸಿಯಾಗುತ್ತದೆ ಅಂದರೆ ನಂಬ್ತೀರಾ? ಕಳೆದ ವಾರ ನನ್ನ ಅಕ್ಕನ ಮಗನ ಲ್ಯಾಪ್‌ಟಾಪ್ ಹಾಗೇ ಹೇಳಿತು.

ಹುಡುಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ರಜೆಗೆ ಬಂದಿದ್ದ. ಲೆಕ್ಕ ಸುಲಭದ್ದೇ, ನ್ಯೂಟನ್ ಹೇಳಿದ ತಣಿಯುವ ನಿಯಮ: ಕೋಣೆಗಿಂತ ಎಷ್ಟು ಹೆಚ್ಚು ಬಿಸಿಯೋ ಅಷ್ಟು ಬೇಗ ತಣಿಯುತ್ತದೆ. ಕೋಣೆ 20 ಡಿಗ್ರಿ, ಕಾಫಿ 85 ಡಿಗ್ರಿ, ತಣಿಯುವ ದರ ನಿಮಿಷಕ್ಕೆ 0.05. ಪೈಥಾನ್ ಕೋಡ್ ನಾನೇ ಹಿಂದೆ ಬರೆದುಕೊಟ್ಟಿದ್ದು. ಪೈಥಾನ್‌ನಲ್ಲಿ ಲೆಕ್ಕ ಮಾಡಲು ಇರುವ ಸೈಪೈ ಅನ್ನೋ ಸಲಕರಣೆ ಪೆಟ್ಟಿಗೆಯಿಂದ ಓಡಿಇಇಂಟ್ (odeint) ಬಳಸಿದ್ದೆ, ಇಂಥ ಸಮೀಕರಣ ಬಿಡಿಸಿಕೊಡುವುದೇ ಅದರ ಕೆಲಸ. "ಮಾವ, ಇದು ಹಳೇದು. ಈಗ ಅದೇ ಕೆಲಸಕ್ಕೆ ಸಾಲ್ವ್ ಐವಿಪಿ (solve_ivp) ಬಳಸಬೇಕಂತೆ" ಅಂತ ಆ ಒಂದು ಸಾಲನ್ನು ಬದಲಿಸಿದ. ಮೇಲಿದ್ದ ಫಂಕ್ಷನ್, ಅಂದರೆ ತಣಿಯುವ ಸಮೀಕರಣ ಬರೆದ ಕೋಡಿನ ತುಂಡು, ಮುಟ್ಟಲಿಲ್ಲ. ಎರರ್ ಬರಲಿಲ್ಲ. ಗ್ರಾಫ್ ಚೆಂದವಾಗಿಯೇ ಬಂತು. 20 ನಿಮಿಷಕ್ಕೆ ಕಾಫಿ 95 ಡಿಗ್ರಿ!

ಬರಬೇಕಾಗಿದ್ದದ್ದು 44ರ ಹತ್ತಿರ.

ಆಗಿದ್ದು ಇಷ್ಟೇ. ಓಡಿಇಇಂಟ್ ನಮ್ಮ ಫಂಕ್ಷನ್ನಿಗೆ ಮೊದಲು ಕಾಫಿಯ ಬಿಸಿ ಎಷ್ಟು ಅಂತ ಕೊಡುತ್ತದೆ, ಆಮೇಲೆ ಸಮಯ. ಸಾಲ್ವ್ ಐವಿಪಿ ಮೊದಲು ಸಮಯ ಕೊಡುತ್ತದೆ, ಆಮೇಲೆ ಬಿಸಿ. ಹಾಗಾಗಿ ಕಾಫಿಯ ಬಿಸಿಯಿಂದ 20 ಕಳೆಯುವ ಬದಲು ಗಡಿಯಾರದ ನಿಮಿಷದಿಂದ 20 ಕಳೆಯಿತು. ಶುರುವಿನಲ್ಲಿ ನಿಮಿಷ ಸೊನ್ನೆ. ಅಂದರೆ ಕಾಫಿ ಕೋಣೆಗಿಂತ ತಣ್ಣಗಿದೆ ಅಂತ ಅದರ ಲೆಕ್ಕ! ಪಾಪ, ಕಂಪ್ಯೂಟರ್ ಹೇಳಿದ್ದನ್ನೇ ಮಾಡಿತು.

"ನಡೀತಾ ಇದೆಯಲ್ಲ, ಯಾಕೆ ಮುಟ್ಟೋದು" ಅನ್ನುವವರ ಪೈಕಿ ನಾನೂ ಒಬ್ಬನಾಗಿದ್ದೆ. ಸಾಲ್ವ್ ಐವಿಪಿ 2017ರಲ್ಲೇ ಬಂದರೂ ಹಳೆಯದನ್ನೇ ಹಿಡಿದು ಕೂತಿದ್ದೆ. ಈಗ ಹಾಗನ್ನಲ್ಲ, ಬದಲಿಸಲೇಬೇಕು. ನಾನು ನೋಡಿದ ಒಂದು ಕಾಲೇಜಿನ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಇವತ್ತಿಗೂ ಮ್ಯಾಟ್‌ಲ್ಯಾಬ್ ಅನ್ನೋ ಇನ್ನೊಂದು ಲೆಕ್ಕದ ಸಾಫ್ಟ್‌ವೇರಿನ ಹಳೇ ಪದ್ಧತಿ ಇನ್‌ಲೈನ್ ಇದೆ. ಸಮೀಕರಣವನ್ನು ಕೋಟ್‌ಗಳ ಒಳಗೆ ಬರೀ ಅಕ್ಷರವಾಗಿ ಬರೆಯೋದು. ಹೊರಗೆ ತಣಿಯುವ ದರ ಇಷ್ಟು ಅಂತ ಬರೆದಿದ್ದರೂ ಅದಕ್ಕೆ ಕಾಣಲ್ಲ. ಅದೇ ಮ್ಯಾಟ್‌ಲ್ಯಾಬ್‌ನಲ್ಲಿ 2004ರಲ್ಲಿ ಬಂದ ಅಟ್ (@) ಗುರುತಿನ ಫಂಕ್ಷನ್ನಿಗೆ ಕಾಣುತ್ತದೆ. ಅಷ್ಟು ವರ್ಷದಿಂದ ಇರುವುದನ್ನು ಮಕ್ಕಳಿಗೆ ಇನ್ನೂ ತೋರಿಸದೆ ಇದ್ದರೆ ಹೇಗೆ?

ಹೊಸದರಲ್ಲೂ ಗುಂಡಿಗಳಿವೆ, ಮುಚ್ಚಿಡೋದು ಬೇಡ. ಅಟ್ ಗುರುತಿನ ಫಂಕ್ಷನ್ ತಣಿಯುವ ದರವನ್ನು ತಾನು ಹುಟ್ಟಿದ ಗಳಿಗೆಯಲ್ಲೇ ನೆನಪಿಟ್ಟುಕೊಳ್ಳುತ್ತದೆ. ಆಮೇಲೆ ನೀವು ದರ ಬದಲಿಸಿದರೂ ಗ್ರಾಫ್ ಅಲ್ಲಾಡಲ್ಲ. ಸಾಲ್ವ್ ಐವಿಪಿ ಕೊಡುವ ಉತ್ತರದ ಪಟ್ಟಿಯಲ್ಲಿ ಓಡಿಇಇಂಟ್‌ಗೆ ಹೋಲಿಸಿದರೆ ಸಾಲುಗಳೂ ಕಾಲಂಗಳೂ ಅದಲು ಬದಲಾಗಿ ಬರುತ್ತವೆ. ಇನ್ನೊಂದು ಜಾಸ್ತಿ ಜನ ಗಮನಿಸದ್ದು. ನಾವೇನೂ ಹೇಳದಿದ್ದರೆ ಅದು ಸಾವಿರಕ್ಕೆ ಒಂದರಷ್ಟು ತಪ್ಪನ್ನು ಒಪ್ಪಿಕೊಂಡು ಸಾಗುತ್ತದೆ. ಹಳೆಯದು ಇದಕ್ಕಿಂತ ಎಷ್ಟೋ ಬಿಗಿ. ಎಷ್ಟು ತಪ್ಪನ್ನು ಒಪ್ಪಬಹುದು ಅನ್ನೋ ಮಿತಿ, ಅಂದರೆ ಟಾಲರೆನ್ಸ್, ನಾವೇ ಬರೆದುಕೊಡಬೇಕು.

ಹಾಗಾಗಿ ಮ್ಯಾನ್ಯುಯಲ್ ತಿದ್ದುವವರಿಗೆ ನನ್ನದೊಂದು ತಕರಾರು. ಸುಮ್ನೆ ಹಳೇ ಹೆಸರು ಅಳಿಸಿ ಹೊಸದು ಬರೆಯಬೇಡಿ. ಪಕ್ಕದಲ್ಲಿ ಪೇಪರಿನ ಮೇಲೇ ಉತ್ತರ ಸಿಗುವ ಒಂದು ಲೆಕ್ಕ ಇಡಿ. ಕಾಫಿ ಲೆಕ್ಕವೇ ಸಾಕು. ಕೊಡಗಿನ ಮಕ್ಕಳಿಗೆ 95 ಡಿಗ್ರಿ ನೋಡಿದ ಕೂಡಲೇ ನಗು ಬರುತ್ತೆ, ಅಲ್ವಾ?

ಹುಡುಗನಿಗೆ ಈಗ ಕಣದಲ್ಲಿ ಹರಡಿದ ಕಾಫಿ ಒಣಗುವುದಕ್ಕೆ ಸಮೀಕರಣ ಬರೆಯುವ ಹುಚ್ಚು ಹಿಡಿದಿದೆ. ಹಗಲು ಬಿಸಿಲು, ರಾತ್ರಿ ಮಂಜು. ಅಲ್ಲಿ ಫಂಕ್ಷನ್ನಿಗೆ ಸಮಯವೂ ನಿಜಕ್ಕೂ ಬೇಕು. ಇದಕ್ಕೆ ಪೇಪರಿನ ಮೇಲೆ ಉತ್ತರ ಸಿಗೋದು ಕಷ್ಟ. ಕೊಯ್ಲು ಶುರುವಾಗಲಿ, ದಿನಾ ಸಂಜೆ ಒಂದು ತಟ್ಟೆ ಕಾಫಿ ತೂಕ ಹಾಕಿ ಬರೆದಿಡು ಅಂದಿದ್ದೇನೆ. ತಕ್ಕಡಿ ಅಟ್ಟದಲ್ಲಿದೆ.