ರಂಗಮಂದಿರ ಊರಿಗೆಲ್ಲ, ಕೀಲಿಕೈ ಮಾತ್ರ ಯಾರಿಗೂ ಸಿಗಲ್ಲ

ಕಳೆದ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬೈಕಿನ ಹಿಂದೆ ಹಾರ್ಮೋನಿಯಂ ಕಟ್ಟಿಕೊಂಡು ನಮ್ಮೂರ ಹೈಸ್ಕೂಲಿನ ರಂಗಮಂದಿರದ ಮುಂದೆ ನಿಂತಿದ್ದೆ. ತಾಲೀಮಿಗೆ ಹದಿನಾಲ್ಕು ಜನ ಬಂದಿದ್ದರು. ಬಾಗಿಲಿಗೆ ಅಂಗೈ ಅಗಲದ ಕೀಲಿ. ಪ್ಯೂನ್‌ಗೆ ಫೋನ್ ಮಾಡಿದರೆ ‘ಕೀಲಿಕೈ ಹೆಡ್ ಮಾಸ್ತರ್ ಕಡೆ ಐತ್ರಿ’ ಅಂದ. ಹೆಡ್ ಮಾಸ್ತರು ‘ಎಸ್‌ಡಿಎಂಸಿ ಅಧ್ಯಕ್ಷರನ್ನ ಕೇಳ್ರಿ’ ಅಂದರು. ಶಾಲೆ ನೋಡಿಕೊಳ್ಳುವ ಆ ಸಮಿತಿಯ ಅಧ್ಯಕ್ಷರು ಯಾರದೋ ಮದುವೆಗೆ ಹಾನಗಲ್ಲಿಗೆ ಹೋಗಿದ್ದರು. ಕೀಲಿಕೈ ಅವರ ಜೇಬಿನಲ್ಲೇ ಹೋಗಿತ್ತು. ಹನ್ನೆರಡೂವರೆವರೆಗೆ ಬಿಸಿಲಲ್ಲಿ ಕಾದು, ಕೊನೆಗೆ ಹನುಮಪ್ಪನ ಗುಡಿ ಕಟ್ಟೆಗೆ ಹೋಗಿ ತಾಲೀಮು ಮಾಡಿದೆವು. ರಂಗಮಂದಿರ ಇಲ್ಲದಾಗಲೂ ಅಲ್ಲೇ ಮಾಡುತ್ತಿದ್ದೆವು.

ಹಾವೇರಿ ಜಿಲ್ಲೆಯ ಊರು ನಮ್ಮದು. ಹೆಸರು ಬರೆಯಲ್ಲ. ಬರೆದರೆ ನಾಳೆ ಚಹಾದಂಗಡಿಯಲ್ಲಿ ಕೂರೋಕಾಗಲ್ಲ.

ಈ ರಂಗಮಂದಿರ ಕಟ್ಟಬೇಕು ಅಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ನಾನೇ. ಅದಕ್ಕೇ ಈಗ ಹೊಟ್ಟೆ ಜಾಸ್ತಿ ಉರಿಯುತ್ತದೆ. ‘ಶಾಲೆಗೂ ಆಯ್ತು, ಊರಿಗೂ ಆಯ್ತು’ ಅಂದಿದ್ದರು. ಹಗಲು ಮಕ್ಕಳು ಪ್ರತಿಭಾ ಕಾರಂಜಿಗೆ ತಯಾರಿ ಮಾಡಬೇಕು. ಸಂಜೆ, ರಜೆ ದಿನ ದೊಡ್ಡಾಟದವರು (ದೊಡ್ಡಾಟ ಅಂದರೆ ನಮ್ಮ ಕಡೆಯ ಬಯಲಾಟ), ಭಜನಾ ಮಂಡಳಿಯವರು, ನಾಟಕದ ಹುಡುಗರು ಬರಬೇಕು. ಕೆಟ್ಟ ಯೋಚನೆಯೇನಲ್ಲ, ಅಲ್ವಾ? ಸರ್ಕಾರದ ದುಡ್ಡು ಒಂದಿಷ್ಟು ಬಂತು. ಉಳಿದದ್ದು ಊರಿನದು. ಗೋವಿನಜೋಳದ ಸುಗ್ಗಿಯಲ್ಲಿ ಚೀಲಕ್ಕೆ ಹತ್ತು ರೂಪಾಯಿಯಂತೆ ಪಟ್ಟಿ ಎತ್ತಿದೆವು. ನಮ್ಮವ್ವ ಹಾಲಿನ ದುಡ್ಡಲ್ಲಿ ಐನೂರು ಕೊಟ್ಟಳು. ಆ ರಸೀದಿ ಇನ್ನೂ ದೇವರ ಜಗಲಿ ಮೇಲಿದೆ.

ನಕ್ಷೆ ತೋರಿಸುವ ಸಭೆ ಮಾತ್ರ ಮರೆಯೋಕಾಗಲ್ಲ. ನಮ್ಮ ದೊಡ್ಡಾಟದ ಮಾಸ್ತರು, ಎಪ್ಪತ್ತು ದಾಟಿದ ಮುದುಕರು, ಎದ್ದು ನಿಂತು ಒಂದೇ ಮಾತು ಕೇಳಿದರು. ‘ಬಣ್ಣ ಎಲ್ಲಿ ಹಚ್ಚೋದ್ರಿ?’ ಎಲ್ಲರೂ ನಕ್ಕರು. ನಕ್ಷೆ ಹಿಡಿದವರು ‘ಅದನ್ನೆಲ್ಲ ಆಮ್ಯಾಲೆ ನೋಡೂಣ್ರಿ ಅಜ್ಜಾರ’ ಅಂದರು. ಆ ‘ಆಮ್ಯಾಲೆ’ ಇವತ್ತಿಗೂ ಬಂದಿಲ್ಲ. ಬಣ್ಣದ ಕೋಣೆ ಇಲ್ಲ. ವೇದಿಕೆಯ ಎಡಕ್ಕೆ ಗೋಡೆ, ಬಲಕ್ಕೆ ಗೋಡೆ, ಹಿಂದೆಯೂ ಗೋಡೆ. ಪಾತ್ರಧಾರಿ ಒಳಗೆ ಬರಬೇಕಾದರೂ ಹೊರಗೆ ಹೋಗಬೇಕಾದರೂ ಮುಂದಿನ ಮೆಟ್ಟಿಲೇ ಗತಿ. ಹೋದ ಯುಗಾದಿಗೆ ನಮ್ಮ ರಾವಣ ಸೀತೆಯನ್ನು ಎತ್ತಿಕೊಂಡು ಹೋಗುವಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗರಿಗೆ ‘ಸರೀರಲೇ’ ಅಂತ ಹೇಳಿಕೊಂಡೇ ಇಳಿದ. ಜನ ಬಿದ್ದು ಬಿದ್ದು ನಕ್ಕರು. ಆ ದೃಶ್ಯಕ್ಕೆ ಅಳಬೇಕಿತ್ತು.

ನೆಲಕ್ಕೆ ಗ್ರಾನೈಟ್ ಹಾಕಿದ್ದಾರೆ. ಮುಖ ಕಾಣುವಷ್ಟು ಪಾಲಿಶ್. ದೊಡ್ಡಾಟಕ್ಕೆ ಅಟ್ಟದಾಟ ಅಂತಲೂ ಹೆಸರಿದೆ. ಹಲಗೆ ಜೋಡಿಸಿ ಎತ್ತರಕ್ಕೆ ಅಟ್ಟ ಕಟ್ಟಿ ಅದರ ಮೇಲೆ ಆಡುವ ಆಟ ಅದು. ವೇಷಧಾರಿ ಗೆಜ್ಜೆ ಕಾಲನ್ನು ಬಡಿದರೆ ಹಲಗೆಯೇ ‘ದಡ್’ ಅಂತ ಉತ್ತರ ಕೊಡಬೇಕು. ಮದ್ದಳೆಗೆ ಅದೇ ಜೊತೆ. ಗ್ರಾನೈಟ್ ಮೇಲೆ ಬಡಿದರೆ ಸದ್ದು ಬರಲ್ಲ, ಮೊಣಕಾಲು ನೋವು ಬರುತ್ತದೆ. ಉದ್ಘಾಟನೆ ದಿನವೇ ನಮ್ಮ ದುರ್ಯೋಧನ ಕಿರೀಟ ಸಮೇತ ಜಾರಿ ಬಿದ್ದ. ಭೀಮ ಇನ್ನೂ ಬಂದೇ ಇರಲಿಲ್ಲ.

ಇನ್ನು ಮೇಲಿನ ತಗಡು. ಖಾಲಿ ಇದ್ದಾಗ ಒಳಗೆ ನಿಂತು ಒಂದು ಚಪ್ಪಾಳೆ ಹೊಡೆದು ನೋಡಿ. ಗೋಡೆಯಿಂದ ಗೋಡೆಗೆ ಹಾರಿ ವಾಪಸ್ ಬರುತ್ತಲೇ ಇರುತ್ತದೆ. ಒಂದು ಮಾತು ಮುಗಿಯುವ ಮೊದಲೇ ಇನ್ನೊಂದು ಅದರ ಮೇಲೆ ಬೀಳುತ್ತದೆ. ಮೈಕ್ ಹಾಕಿದರೆ ಇನ್ನೂ ಗದ್ದಲ. ಮಳೆ ಬಂತೋ, ಮುಗಿಯಿತು, ಮೂಕಾಭಿನಯವೇ. ‘ಕಂಪನಿ ನಾಟಕದ ಥೇಟರೂ ತಗಡಿಂದೇ ಇತ್ತಲ್ರಿ’ ಅಂತ ಒಬ್ಬರು ನನಗೇ ಪಾಠ ಹೇಳಿದರು. ಇತ್ತು, ನಿಜ. ಕೆಳಗೆ ಮಣ್ಣಿನ ನೆಲ ಇತ್ತು, ಸುತ್ತ ಬಟ್ಟೆಯ ಪರದೆಗಳಿದ್ದವು, ಕಿಕ್ಕಿರಿದ ಜನ ಇರುತ್ತಿದ್ದರು. ಇವೆಲ್ಲ ಸದ್ದನ್ನು ಹೀರಿಕೊಳ್ಳುತ್ತಿದ್ದವು. ಕಂಪನಿ ನಾಟಕದ ದೊಡ್ಡ ನಟ ಏಣಗಿ ಬಾಳಪ್ಪನವರ ಕಾಲದ ನಟರು ಮೈಕಿಲ್ಲದೆ ಕೊನೇ ಸಾಲಿಗೆ ಮಾತು ಮುಟ್ಟಿಸುತ್ತಿದ್ದರು. ಅವರನ್ನೇ ತಂದು ಈ ಟೈಲ್ಸ್ ಗೋಡೆಗಳ ನಡುವೆ ನಿಲ್ಲಿಸಿದ್ದರೂ ಮೂರನೇ ಸಾಲಿಗೆ ತಿಳಿಯುತ್ತಿರಲಿಲ್ಲ.

ಲೈಟಿನ ಕಥೆ ಚಿಕ್ಕದು. ಕಟ್ಟಿದವರ ಲೆಕ್ಕದಲ್ಲಿ ಲೈಟು ಅಂದರೆ ಟ್ಯೂಬ್‌ಲೈಟು. ನಟನ ಮುಖಕ್ಕೆ ಬೆಳಕು ಜನರ ತಲೆಯ ಮೇಲಿನಿಂದ ಓರೆಯಾಗಿ ಬೀಳಬೇಕು. ಅದಕ್ಕೆ ಅಡ್ಡಲಾಗಿ ಒಂದು ಕಬ್ಬಿಣದ ಪೈಪು ಸಾಕಿತ್ತು. ಅದೂ ಇಲ್ಲ. ಹುಬ್ಬಳ್ಳಿಯಿಂದ 1000 ವ್ಯಾಟಿನ ಲೈಟು ಎಂಟು ಬಾಡಿಗೆಗೆ ತಂದು ಬಿದಿರಿಗೆ ಕಟ್ಟಿದೆವು. ನಾಲ್ಕನೆಯದು ಹಚ್ಚುವಷ್ಟರಲ್ಲಿ ಇಡೀ ಶಾಲೆಯ ಕರೆಂಟು ಹೋಯಿತು.

ದುಡ್ಡು ಇರಲಿಲ್ಲ ಅಂತ ಹೇಳಬೇಡಿ. ಹಲಗೆಗಿಂತ ಗ್ರಾನೈಟ್ ಅಗ್ಗ ಅಂತ ಯಾರೂ ನನಗೆ ಲೆಕ್ಕ ತೋರಿಸಿಲ್ಲ. ಬಾಗಿಲ ಪಕ್ಕದ ಉದ್ಘಾಟನೆ ಕಲ್ಲಿಗಂತೂ ದುಡ್ಡು ಇತ್ತು. ಆಳೆತ್ತರದ ಕಪ್ಪು ಕಲ್ಲು, ಬಂಗಾರದ ಬಣ್ಣದ ಅಕ್ಷರ. ಭಾನುವಾರ ಕಾಯುತ್ತ ನಿಂತಾಗ ಬೇರೆ ಕೆಲಸವಿಲ್ಲದೆ ಹೆಸರು ಎಣಿಸಿದೆ. ಇಪ್ಪತ್ತಮೂರು. ಅದರಲ್ಲಿ ಒಂದು ಸಲವಾದರೂ ಬಣ್ಣ ಹಚ್ಚಿದವರು ಒಬ್ಬರೂ ಇಲ್ಲ. (ಭಾಷಣ ಲೆಕ್ಕಕ್ಕಿಲ್ಲ.)

ದೂರ ಯಾಕೆ, ನಮ್ಮ ಜಿಲ್ಲೆಯಲ್ಲೇ ಹಾನಗಲ್ ತಾಲೂಕಿನ ಶೇಷಗಿರಿ ಇದೆ. ಸಣ್ಣ ಹಳ್ಳಿ. ಅಲ್ಲಿ ರಂಗಮಂದಿರ ಇದೆ, ನಾಟಕವೂ ನಡೆಯುತ್ತದೆ. ಅಲ್ಲಿ ಮೊದಲು ನಾಟಕದವರು ಹುಟ್ಟಿಕೊಂಡರು, ಆಮೇಲೆ ಕಟ್ಟಡ ಬಂತು. ನಮ್ಮಲ್ಲೂ ನಾಟಕದವರು ಇದ್ದರು. ಕೇಳುವವರು ಇರಲಿಲ್ಲ.

ಈಗ ಒಳಗೆ ಏನಿದೆ ಗೊತ್ತಾ? ವೇದಿಕೆಯ ಒಂದು ಮೂಲೆಯಲ್ಲಿ ಬಿಸಿಯೂಟದ ಅಕ್ಕಿ ಚೀಲ, ಇನ್ನೊಂದರಲ್ಲಿ ಮುರಿದ ಡೆಸ್ಕು. ಮದುವೆ ಸೀಸನ್ ಬಂದರೆ ಮಾತ್ರ ಎರಡೂ ಮಾಯ. ವಧು-ವರರ ಎರಡು ಸಿಂಹಾಸನಕ್ಕೆ ವೇದಿಕೆ ಅಳತೆ ತೆಗೆದು ಹೊಲಿದಂತಿದೆ. ‘ಮದುವಿಯಿಂದ ಬಾಡಿಗೆ ಬರತೈತಿ, ನಿಮ್ಮ ನಾಟಕದಿಂದ ಏನ್ ಬರತೈತ್ರಿ?’ ಅಂತ ಮುಖಕ್ಕೇ ಕೇಳಿದರು. ಕಲ್ಯಾಣ ಮಂಟಪ ಬೇಕು ಅಂತ ಬಾಯಿಬಿಟ್ಟು ಹೇಳಿದ್ದರೆ ಅದಕ್ಕೂ ಪಟ್ಟಿ ಕೊಡುತ್ತಿದ್ದೆವು. ದೊಡ್ಡಾಟದ ಹೆಸರಲ್ಲಿ ಯಾಕೆ ಎತ್ತಿದಿರಿ?

ಹೆಡ್ ಮಾಸ್ತರನ್ನು ಪೂರ್ತಿ ಬೈಯೋಕೆ ನನಗೆ ಮನಸ್ಸಿಲ್ಲ. ಕರೆಂಟ್ ಬಿಲ್ಲು ಶಾಲೆಯ ಹೆಸರಲ್ಲಿ ಬರುತ್ತದೆ. ರಾತ್ರಿ ಯಾರೋ ಗುಟ್ಕಾ ಉಗಿದು ಹೋದರೆ ಬೆಳಿಗ್ಗೆ ಮಾತು ಕೇಳುವವರು ಅವರೇ. ಅವರ ಹೆದರಿಕೆ ಸುಳ್ಳಲ್ಲ. ಪಾಯ ತೋಡುವ ಮೊದಲು ಒಂದು ಹಾಳೆ ಮೇಲೆ ನಾಲ್ಕು ಸಾಲು ಬರೆದಿದ್ದರೆ ಸಾಕಿತ್ತು. ಯಾವ ವಾರ ಯಾರದು, ಬಿಲ್ಲು ಯಾರು ಕಟ್ಟಬೇಕು, ಕಸ ಯಾರು ಹೊಡೀಬೇಕು, ಎರಡನೇ ಕೀಲಿಕೈ ಯಾರ ಹತ್ರ. ಭೂಮಿಪೂಜೆಗೆ ಮುಹೂರ್ತ ನೋಡೋಕೆ ಮೂರು ಸಲ ಸಭೆ ಸೇರಿದವರು ಇದಕ್ಕೆ ಒಂದು ಸಲ ಸೇರಲಿಲ್ಲ.

ನನ್ನ ಮಗಳು ಒಂಬತ್ತನೇ ಕ್ಲಾಸು. ಹೋದ ವರ್ಷದ ಗ್ಯಾದರಿಂಗ್‌ನಲ್ಲಿ, ಅಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಅವಳೂ ಅವಳ ಗೆಳತಿಯರೂ ಅಕ್ಕಿ ಚೀಲದ ಹಿಂದೆ ನಿಂತು ಸೀರೆ ಉಟ್ಟರು. ಇಬ್ಬರು ತಾಯಂದಿರು ಅಡ್ಡಲಾಗಿ ಚಾದರ ಹಿಡಿದಿದ್ದರು. ಈ ವರ್ಷ ಅವಳು ಕೇಳಿದಳು, ‘ಅಪ್ಪಾ, ಮನ್ಯಾಗ ಉಟ್ಕೊಂಡು ಹೋಗ್ಲಾ?’

ಈ ಸಲದ ಗ್ಯಾದರಿಂಗ್ ಹೊರಗೆ ಮೈದಾನದಲ್ಲಿ. ಪಾಲಕರೆಲ್ಲ ಸೇರಿ ಶಾಮಿಯಾನದವನಿಗೆ ಮೊನ್ನೆ ಅಡ್ವಾನ್ಸ್ ಕೊಟ್ಟೆವು. ಹಲಗೆ ವೇದಿಕೆ, ಎರಡೂ ಕಡೆ ಪರದೆ, ಹಿಂದೆ ಬಟ್ಟೆ ಬದಲಿಸೋಕೆ ಮರೆ, ಎಲ್ಲ ಅವನೇ ಹಾಕಿಕೊಡುತ್ತಾನೆ. ಜಾಗ ರಂಗಮಂದಿರದ ಎದುರಿಗೇ. ಲೈಟಿಗೆ ಕರೆಂಟು ಮಾತ್ರ ಒಳಗಿನ ಬೋರ್ಡಿನಿಂದ ಎಳೀಬೇಕಂತೆ. ಅದಕ್ಕೆ ಕೀಲಿಕೈ ಬೇಕು. ನಿನ್ನೆಯಿಂದ ಫೋನ್ ಮಾಡುತ್ತಿದ್ದೇನೆ.