ಮಂಕಿ ಕ್ಯಾಪಿನ ಸೆಮಿಸ್ಟರ್

ಡಿಸೆಂಬರ್ ಬಂತೆಂದರೆ ಹಾಸನದಲ್ಲಿ ಮೊದಲ ಪೀರಿಯಡ್ಡಿನ ಹಾಜರಿ ಬರೀ ನಂಬಿಕೆಯ ಮೇಲೆ ನಡೆಯುತ್ತದೆ. ಬೆಂಚುಗಳ ಮೇಲೆ ಮಂಕಿ ಕ್ಯಾಪುಗಳು ಕೂತಿರುತ್ತವೆ. ಹೆಸರು ಕೂಗಿದರೆ ಯಾವುದೋ ಒಂದು ಕ್ಯಾಪಿನೊಳಗಿಂದ ‘ಎಸ್ ಸರ್’ ಎಂಬ ದನಿ ಹೊರಡುತ್ತದೆ. ಯಾವುದರಿಂದ ಎಂದು ಹೇಳುವುದು ಬ್ರಹ್ಮನಿಗೂ ಕಷ್ಟ. ಮೊನ್ನೆ ಒಬ್ಬನ ಹೆಸರಿಗೆ ಎರಡು ಮೂಲೆಗಳಿಂದ ಉತ್ತರ ಬಂತು. ಕ್ಯಾಪ್ ತೆಗೆಯಿರಿ ಎಂದೆ. ‘ಶೀತ ಸರ್’ ಎಂದು ಇಡೀ ತರಗತಿ ಒಟ್ಟಿಗೆ ಕೆಮ್ಮಿತು. ಪಾಠದ ವಿಷಯದಲ್ಲಿ ಈ ಒಗ್ಗಟ್ಟನ್ನು ನಾನು ಕಂಡವನಲ್ಲ. ಆ ಉಣ್ಣೆಯ ಮರೆಯಲ್ಲಿ ಎಷ್ಟು ಕಿವಿಗಳಲ್ಲಿ ಇಯರ್‌ಫೋನ್ ಇದೆಯೋ, ಆ ಲೆಕ್ಕ ಬೇರೆ.

ಸಕಲೇಶಪುರದ ಕಡೆಯವರು ಕಾಫಿ ಕುಯ್ಲೆಂದು ವಾರಗಟ್ಟಲೆ ಬರುವುದಿಲ್ಲ. ಅದನ್ನು ಒಪ್ಪುತ್ತೇನೆ. ಹಣ್ಣಾದ ಅರೇಬಿಕಾ ನಮ್ಮ ಕಿರುಪರೀಕ್ಷೆ ಮುಗಿಯಲೆಂದು ಗಿಡದಲ್ಲಿ ಕಾದು ಕೂರುವುದಿಲ್ಲ. ಆದರೆ ಕಾಲೇಜಿನ ಗೇಟಿಗೆ ಕೂಗಳತೆಯಲ್ಲಿ ಮನೆಯಿರುವವನೂ ಅರ್ಧ ಗಂಟೆ ತಡವಾಗಿ ಬಂದು ‘ಮಂಜು ಸರ್’ ಎಂದರೆ ಮೈ ಉರಿಯುತ್ತದೆ. ಆ ಚಳಿಯಲ್ಲಿ ಮೈ ಉರಿಯುವುದೂ ಒಂದು ಲಾಭವೇ ಅನ್ನಿ.

ಚಳಿಗೂ ವಿದ್ಯೆಗೂ ಇರುವ ಸಂಬಂಧದ ಬಗ್ಗೆ ನನ್ನದೊಂದು ಸಿದ್ಧಾಂತವಿದೆ. ಅದಕ್ಕೆ ಮುಂಚೆ ನಮ್ಮ ಸ್ಟಾಫ್ ರೂಮಿನ ಅವರೆಕಾಯಿಯ ವಿಚಾರ ಹೇಳಿಬಿಡಬೇಕು.

ನಮ್ಮ ಅಟೆಂಡರ್ ಈ ದಿನಗಳಲ್ಲಿ ಹೊಲದಿಂದ ನೇರವಾಗಿ ಚೀಲ ಹೊತ್ತು ತರುತ್ತಾರೆ. ಇಬ್ಬನಿ ಬಿದ್ದ ಕಾಯಿ; ಚೀಲದ ಬಾಯಿ ಬಿಚ್ಚಿದರೆ ಸೊಗಡು ಪ್ರಾಂಶುಪಾಲರ ಕೊಠಡಿಯವರೆಗೂ ಹೋಗಿ ಅವರನ್ನು ಕರೆತರುತ್ತದೆ. ಅರ್ಥಶಾಸ್ತ್ರದವರು ಕಾಯಿಗೆ ಕೊಟ್ಟ ದುಡ್ಡಿನಲ್ಲಿ ಕಾಳಿಗೆಷ್ಟು, ಸಿಪ್ಪೆಗೆಷ್ಟು ಎಂದು ಪ್ರತಿ ವರ್ಷವೂ ಲೆಕ್ಕ ಹಾಕಿ, ಪ್ರತಿ ವರ್ಷವೂ ನೊಂದು, ಮತ್ತೆರಡು ಕೆಜಿ ತೂಗಿಸಿಕೊಳ್ಳುತ್ತಾರೆ. ರಸಾಯನಶಾಸ್ತ್ರದ ಮೇಡಂ ಕೈಗೆ ಎಣ್ಣೆ ಸವರಿಕೊಂಡೇ ಕೂರುತ್ತಾರೆ, ಅಂಟು ಹಿಡಿಯಬಾರದೆಂದು. ಕನ್ನಡದ ಮೇಷ್ಟ್ರು ಮಾತ್ರ ರಾತ್ರಿಯೇ ನೆನೆಸಿದ ಕಾಳನ್ನು ಸ್ಟೀಲ್ ಡಬ್ಬಿಯಲ್ಲಿ ತಂದು ಇಲ್ಲೇ ಹಿತಕುತ್ತಾರೆ. ಹೆಬ್ಬೆರಳು ಒತ್ತಿದರೆ ಬೇಳೆ ಪುಳಕ್ಕನೆ ಹಾರಬೇಕು, ಸಿಪ್ಪೆ ಬೆರಳಲ್ಲೇ ಉಳಿಯಬೇಕು. ಅವರದು ಒಮ್ಮೊಮ್ಮೆ ಇಂಗ್ಲಿಷ್ ವಿಭಾಗದವರ ಚಹಾದ ಲೋಟದವರೆಗೂ ಹಾರುತ್ತದೆ. ಆಕಸ್ಮಿಕ ಎನ್ನುತ್ತಾರೆ. ನನಗೆ ಅನುಮಾನ.

ನಾನು ಇತಿಹಾಸದವನು. ಒಂದು ಕೈಯಲ್ಲಿ ಕಾಯಿ ಸುಲಿಯುತ್ತ, ಇನ್ನೊಂದರಲ್ಲಿ ಹೊಯ್ಸಳರ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕಾಯಿಯಿಂದ ಹೊರಬಿದ್ದ ಹಸಿರು ಹುಳವೊಂದು ಹಾಳೆಯ ಮೇಲೆ ಬೆನ್ನು ಮಡಿಸಿ, ಚಾಚಿ, ಮಡಿಸಿ ಹೊರಟಿತು. ಬೇಲೂರಿನಿಂದಲೇ ದಿನಾ ಬಸ್ಸಿನಲ್ಲಿ ಬರುವ ಹುಡುಗನ ಹಾಳೆ ಅದು. ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ್ದು 1117ರಲ್ಲಿ; ಇವನು 1771 ಎಂದು ಬರೆದು, ಕೆಳಗೆ ಸ್ಕೇಲಿಟ್ಟು ಗೆರೆಯನ್ನೂ ಎಳೆದಿದ್ದ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ಪಟ್ಟಿಗೆ ಸೇರಿದಾಗ ಮೊಬೈಲಿನಲ್ಲಿ ಸ್ಟೇಟಸ್ ಹಾಕಿ ಕುಣಿದವರ ಪೈಕಿ ಇವನೂ ಒಬ್ಬ. ಹುಳ ಆ ಇಸವಿಯ ಮೇಲೆ ಅರೆಗಳಿಗೆ ನಿಂತು ಮುಂದೆ ಹೋಯಿತು. ನಾನೂ ಸೊನ್ನೆ ಹಾಕಿ ಮುಂದೆ ಹೋದೆ.

ಬೆಂಗಳೂರಿನಲ್ಲಿ ಅವರೆ ಮೇಳ ನಡೆಸಿ ಅವರೆಯ ಜಿಲೇಬಿ ಮಾರುತ್ತಾರಂತೆ. ಅದನ್ನು ತಿಂದವರ ಜೊತೆ ನನಗೆ ಮಾತಿಲ್ಲ.

ಜಗಳ ಹತ್ತುವುದು ಸಾರಿನ ಜೊತೆಗೆ ಏನೆಂಬ ಪ್ರಶ್ನೆ ಎದ್ದಾಗ. ಹಾಸನ ಜಿಲ್ಲೆ ಅರ್ಧ ಮಲೆನಾಡು, ಅರ್ಧ ಬಯಲುಸೀಮೆ ಎಂದು ಪುಸ್ತಕದಲ್ಲಿ ಓದಿದ್ದೆವು; ಆ ಗಡಿ ನಮ್ಮ ಮೇಜಿನ ನಡುವೆಯೇ ಹಾದುಹೋಗುತ್ತದೆ. ಸಕಲೇಶಪುರ, ಆಲೂರಿನವರು ಅಕ್ಕಿ ರೊಟ್ಟಿ ಎನ್ನುತ್ತಾರೆ. ಅರಸೀಕೆರೆಯವರು ಮುದ್ದೆ ಎಂದು ಮೇಜು ಕುಟ್ಟುತ್ತಾರೆ. ಎರಡನೇ ಪೀರಿಯಡ್ಡಿನ ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ನಾನು ಚನ್ನರಾಯಪಟ್ಟಣದವನು, ಮುದ್ದೆಯ ಪಕ್ಷ. ಇದರಲ್ಲಿ ಮರುಮೌಲ್ಯಮಾಪನಕ್ಕೆ ಅವಕಾಶವಿಲ್ಲ.